ಕೆಂಪು ಮುಚ್ಚಳದ ಸಿರಿಂಜು

ನಮ್ಮ ಕಡೆ ನರ್ಸಿಗೆ ಹೆಸರೇ ಇರುವುದಿಲ್ಲ. ಮನೆಗೆ ಹೋದರೆ ಮೊದಲ ದಿನ ಸಿಸ್ಟರ್, ಮೂರನೇ ದಿನ ಅಕ್ಕ, ವಾರ ಕಳೆಯುವಷ್ಟರಲ್ಲಿ 'ನಮ್ಮ ಮಗಳಿದ್ದ ಹಾಗೆ'. ಯಾರಿಗೆ ಖುಷಿಯಾಗಲ್ಲ ಹೇಳಿ? ನನಗೂ ಆಗುತ್ತಿತ್ತು. ಆದರೆ ಹಾಗೆ ಮಗಳಾಗಲು ಹೋಗಿ ಒಂದು ಮನೆಯಲ್ಲಿ ನರ್ಸ್ ಕೆಲಸವನ್ನೇ ಮರೆತಿದ್ದೆ.

ಆಸ್ಪತ್ರೆ ಕೆಲಸ ಬಿಟ್ಟು ಚಿಕ್ಕಮಗಳೂರಿನ ಸುತ್ತ ಮನೆಮನೆಗೆ ಹೋಗಿ ಡ್ರೆಸ್ಸಿಂಗ್ ಮಾಡುತ್ತಿದ್ದ ದಿನಗಳವು. ಆ ಮನೆ ಆಲ್ದೂರಿನ ಆಚೆ. ಬಸ್ಸಿಳಿದು ಕಾಫಿ ತೋಟದ ದಾರಿಯಲ್ಲಿ ಇಪ್ಪತ್ತು ನಿಮಿಷ ನಡೆಯಬೇಕು. ಅಜ್ಜಿಗೆ ಎಪ್ಪತ್ತು ದಾಟಿತ್ತು. ಹಳೇ ಸಕ್ಕರೆ ಕಾಯಿಲೆ, ಬಲಗಾಲಿನ ಹಿಮ್ಮಡಿಯಲ್ಲಿ ಹುಣ್ಣು. ಬೆಳಿಗ್ಗೆ 20 ಯೂನಿಟ್, ರಾತ್ರಿ 10 ಯೂನಿಟ್ ಇನ್ಸುಲಿನ್ ಅಂತ ಡಾಕ್ಟರು ಬರೆದಿದ್ದರು. ಅದನ್ನು ಮನೆಯವರೇ ಹಾಕುತ್ತಿದ್ದರು. ನಾನು ದಿನ ಬಿಟ್ಟು ದಿನ ಹೋಗಿ ಹುಣ್ಣು ತೊಳೆದು, ಗಾಜ್ ಬಟ್ಟೆ ಇಟ್ಟು ಕಟ್ಟಿ ಬರುತ್ತಿದ್ದೆ.

ಮೊದಲ ಎರಡು ವಾರ ಚೆನ್ನಾಗಿತ್ತು. ಹುಣ್ಣಿನ ತಳದಲ್ಲಿ ಕೆಂಪು ಮಾಂಸ ಕಾಣಿಸಿತು. ಆಮೇಲೆ ನಿಂತುಬಿಟ್ಟಿತು. ಹಳದಿ ಲೋಳೆ ಕಟ್ಟತೊಡಗಿತು. ಮೊಮ್ಮಗ ದಿನಾ ಬೆಳಿಗ್ಗೆ ಶುಗರ್ ನೋಡಿ ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯುತ್ತಿದ್ದ. 150, 160 ಇದ್ದದ್ದು 270, 290 ಆಗಿತ್ತು.

'ಅವಳು ನನಗೆ ಏನು ಹಾಕ್ತಾಳೆ ಅಂತ ನಿಂಗೇನು ಗೊತ್ತು ಮಗಳೇ' ಎಂದರು ಅಜ್ಜಿ, ಪಿಸುಮಾತಿನಲ್ಲಿ. ಅವಳು ಅಂದರೆ ಸೊಸೆ. ನಾನು ನಂಬಿಬಿಟ್ಟೆ. ಸೊಸೆಯನ್ನು ಕರೆದು, ಗಂಡನ ಎದುರಿಗೇ, 'ವಯಸ್ಸಾದವರ ಊಟದ ಕಡೆ ಸ್ವಲ್ಪ ನಿಗಾ ಇಡಬಾರದಾ?' ಎಂದು ದಬಾಯಿಸಿದೆ. ಆಕೆ ಏನೂ ಹೇಳಲಿಲ್ಲ. ಅವತ್ತಿನಿಂದ ನಾನು ಹೋದಾಗ ಆಕೆ ಒಳಗೇ ಇರುತ್ತಿದ್ದಳು. ಕಾಫಿ ಮೊಮ್ಮಗನ ಕೈಯಲ್ಲಿ ಬರುತ್ತಿತ್ತು. ಕೋಪ ಬಂದಿರಬೇಕು, ಬರಲಿ ಬಿಡು ಅಂದುಕೊಂಡೆ.

ಡಿಸೆಂಬರ್, ಹಣ್ಣು ಕೊಯ್ಲಿನ ಸಮಯ. ಒಂದು ದಿನ ಯಾರದೋ ಬೈಕಿನಲ್ಲಿ ಕೂತು ಬಂದಿದ್ದರಿಂದ ಅರ್ಧ ಗಂಟೆ ಮುಂಚೆ ತಲುಪಿದೆ. ಸೊಸೆ ಕೆಲಸಕ್ಕೆ ಹೊರಡುವ ಅವಸರದಲ್ಲಿ ಇಂಜೆಕ್ಷನ್ ಎಳೆಯುತ್ತಿದ್ದಳು. ಪಕ್ಕದಲ್ಲಿ ಸಿರಿಂಜಿನ ಮುಚ್ಚಳ ಬಿದ್ದಿತ್ತು. ಕಿತ್ತಳೆ ಬಣ್ಣ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ನಮ್ಮಲ್ಲಿ ಇನ್ಸುಲಿನ್ ಎರಡು ಬಲದಲ್ಲಿ ಸಿಗುತ್ತದೆ. ಒಂದು ಎಂಎಲ್‌ಗೆ 40 ಯೂನಿಟ್ ಇರುವ ಬಾಟಲಿಗೆ ಕೆಂಪು ಮುಚ್ಚಳದ ಸಿರಿಂಜು. 100 ಯೂನಿಟ್ ಇರುವುದಕ್ಕೆ ಕಿತ್ತಳೆ ಮುಚ್ಚಳದ್ದು. ಅಜ್ಜಿಯದು 40ರ ಬಾಟಲಿ. ಕಿತ್ತಳೆ ಸಿರಿಂಜಿನಲ್ಲಿ 20ರ ಗೆರೆವರೆಗೆ ಎಳೆದರೆ ಬರುವುದು 0.2 ಎಂಎಲ್. ಅಂದರೆ 40ರ ಬಾಟಲಿಯಿಂದ ಬರೀ 8 ಯೂನಿಟ್! ಇದು ತಿರುಗಾಮುರುಗಾ ಆದರೆ ಇನ್ನೂ ಅಪಾಯ. 100ರ ಬಾಟಲಿಯಿಂದ ಕೆಂಪು ಸಿರಿಂಜಿನಲ್ಲಿ 20ರ ಗೆರೆಗೆ ಎಳೆದರೆ 50 ಯೂನಿಟ್ ಹೋಗುತ್ತದೆ. ಶುಗರ್ ಧಡಕ್ಕನೆ ಇಳಿದು ಮನುಷ್ಯ ಎಚ್ಚರ ತಪ್ಪಬಹುದು.

'ಆಸ್ಪತ್ರೆಯಿಂದ ತಂದಿದ್ದು ಮುಗೀತು ಅಕ್ಕ. ಅಂಗಡಿಯವರು ಇದು ಕೊಟ್ಟರು. ಬಣ್ಣ ಬೇರೆ ಇದೆಯಲ್ಲ ಅಂತ ಅನುಮಾನ ಬಂದಿತ್ತು.'

'ಮತ್ತೆ ನನ್ನನ್ನು ಕೇಳೋದಲ್ವಾ?'

ಆಕೆ ಅಜ್ಜಿಯ ಕೋಣೆ ಕಡೆ ನೋಡಿದಳು. 'ನೀವು ಅವರ ಕಡೆಯವರು ಅಲ್ವಾ.'

ಆ ಮಾತು ಮೂರು ದಿನ ಕಿವಿಯಲ್ಲೇ ಇತ್ತು. ಡಾಕ್ಟರಿಗೆ ಅಲ್ಲಿಂದಲೇ ಫೋನ್ ಮಾಡಿ, ಅವರು ಹೇಳಿದಂತೆ ಡೋಸ್ ಸರಿಪಡಿಸಿದ್ದು, ಸಂಜೆಯೊಳಗೆ ಕೆಂಪು ಸಿರಿಂಜು ತರಿಸಿದ್ದು, ಅದೆಲ್ಲ ಸುಲಭದ ಕೆಲಸ. ಅಂದಹಾಗೆ, ಊಟದಲ್ಲಿ ಕೊರತೆ ಏನೂ ಇರಲಿಲ್ಲ. ಸೊಸೆ ಬೆಳಿಗ್ಗೆಯೇ ಮಾಡಿಟ್ಟು ಹೋಗುತ್ತಿದ್ದಳು. ಮಧ್ಯಾಹ್ನಕ್ಕೆ ತಣ್ಣಗಾಗಿರುತ್ತಿತ್ತು, ಅಷ್ಟೇ.

ನರ್ಸಿಂಗ್ ಓದುವಾಗ ಪೆಪ್ಲೌ ಅಂತ ಒಬ್ಬರ ಪಾಠ ಇತ್ತು. ಅಮೆರಿಕದ ನರ್ಸ್. ನರ್ಸ್ ಮತ್ತು ರೋಗಿಯ ಸಂಬಂಧದ ಬಗ್ಗೆ 1952ರಲ್ಲೇ ಬರೆದವರು. ಇಬ್ಬರೂ ಅಪರಿಚಿತರಾಗಿ ಶುರು ಮಾಡುತ್ತಾರೆ, ರೋಗಿ ನರ್ಸಿನಲ್ಲಿ ತನ್ನ ತಾಯಿಯನ್ನೋ ಮಗಳನ್ನೋ ಕಾಣಬಹುದು, ಆಗ ನಾನು ಅವರಲ್ಲ ಅನ್ನುವುದು ರೋಗಿಗೆ ತಿಳಿಯುವ ಹಾಗೆ ನೋಡಿಕೊಳ್ಳಬೇಕು ಅನ್ನುತ್ತಾರೆ. ಪರೀಕ್ಷೆಯಲ್ಲಿ ಬರೆದು ಮಾರ್ಕ್ಸ್ ತಗೊಂಡಿದ್ದೆ. ಆಲ್ದೂರಿನಲ್ಲಿ ಅರ್ಥವಾಯಿತು.

ಈಗ ಹೊಸ ಮನೆಗೆ ಹೋದರೆ ಮೊದಲು ಕೇಳುವುದು ಒಂದೇ: ಔಷಧಿ ಕೊಡುವವರು ಯಾರು? ಹೆಚ್ಚಾಗಿ ಅವರು ಅಡುಗೆಮನೆಯಲ್ಲಿ ಇರುತ್ತಾರೆ. ಅವರ ಜೊತೆ ಹತ್ತು ನಿಮಿಷ ಬೇರೆ ಕೂರುತ್ತೇನೆ. 'ಗೊತ್ತಾಯ್ತಾ?' ಅಂತ ಕೇಳುವುದನ್ನು ಬಿಟ್ಟಿದ್ದೇನೆ. ಹಾಗೆ ಕೇಳಿದರೆ ಎಲ್ಲರೂ ಹೂಂ ಅನ್ನುತ್ತಾರೆ. 'ಒಂದ್ಸಲ ಮಾಡಿ ತೋರಿಸಿ' ಅನ್ನುತ್ತೇನೆ. ಅತ್ತೆ ಸೊಸೆ ದೂರು ಬಂದರೆ ಕೇಳಿಸಿಕೊಳ್ಳುತ್ತೇನೆ, ತೀರ್ಪು ಕೊಡಲ್ಲ. ನಿಜಕ್ಕೂ ಹೊಡೆತ, ಉಪವಾಸ ಕಂಡರೆ ಮಾತು ಬೇರೆ. ಆಗ ಡಾಕ್ಟರಿಗೆ ಹೇಳದೆ ಬಿಡಲ್ಲ. ಕೊಟ್ಟ ಕಾಫಿ ಕುಡಿಯುತ್ತೇನೆ. ಬೇಡ ಅಂದರೆ ಮಲೆನಾಡಿನಲ್ಲಿ ಅವಮಾನ. ಕಾಳುಮೆಣಸು ಕಟ್ಟಿಕೊಟ್ಟರೆ ಒಂದು ಹಿಡಿ ತಗೊಳ್ಳುತ್ತೇನೆ, ಸೇರುಗಟ್ಟಲೆ ಅಲ್ಲ. ಮಾತಾಡಿಕೊಂಡಿದ್ದಕ್ಕಿಂತ ಜಾಸ್ತಿ ದುಡ್ಡು ಮುಟ್ಟುವುದಿಲ್ಲ.

ಸೊಸೆಯ ಹತ್ತಿರ ತಪ್ಪಾಯ್ತು ಅಂದೆ, ಅವಳ ಗಂಡನ ಎದುರಿಗೇ. ದಬಾಯಿಸಿದ್ದೂ ಅಲ್ಲೇ ತಾನೇ.

ಹುಣ್ಣು ಮಾಯುವಷ್ಟರಲ್ಲಿ ಮಾರ್ಚ್ ಬಂದಿತ್ತು, ತೋಟ ಹೂ ಬಿಟ್ಟಿತ್ತು. ಇನ್ನು ಬರಲ್ಲ ಅಜ್ಜಿ ಅಂದೆ. 'ಹುಣ್ಣಿದ್ದರೆ ಮಾತ್ರ ಬರೋದಾ ನೀನು?' ಅಂತ ಮುಖ ತಿರುಗಿಸಿದರು. ಎಷ್ಟು ಸಮಾಧಾನ ಮಾಡಿದರೂ ಮಾತಾಡಲಿಲ್ಲ. ಅದೂ ನನ್ನದೇ ತಪ್ಪು, ಕೊನೇ ದಿನ ಹೇಳಿದ್ದು. ಈಗ ಮೂರು ಸಲ ಮುಂಚೆಯೇ ಲೆಕ್ಕ ಹೇಳಿಡುತ್ತೇನೆ: ಅಜ್ಜಿ, ಇನ್ನು ಎರಡು ಸಲ ಬರ್ತೀನಿ. ಅಜ್ಜಿ, ಇನ್ನೊಂದೇ ಸಲ.