ಒಟ್ಟು ಅಂಕ ಬಿಟ್ಟ ಮೇಲೆ ನನ್ನ ಜಿಸಿಎಸ್ ಸರಿಹೋಯಿತು

ಚಾರ್ಟಿನಲ್ಲಿ ಜಿಸಿಎಸ್, ಅಂದ್ರೆ ರೋಗಿಗೆ ಎಷ್ಟು ಎಚ್ಚರವಿದೆ ಅನ್ನುವ ಅಂಕ, 9 ಅಂತ ಇತ್ತು. ನಾನು ನೋಡಿದಾಗಲೂ 9 ಬಂತು. 'ಬದಲಾವಣೆ ಇಲ್ಲ' ಅಂತ ಬರೆದು ಮುಂದಿನ ಬೆಡ್‌ಗೆ ಹೋದೆ. ಎರಡು ಗಂಟೆ ಬಿಟ್ಟು ಡಾಕ್ಟರ್ ಬಂದು ನೋಡಿ ಬೈದರು. ಹಿಂದಿನ ಪಾಳಿ ಮುಗಿಸಿ ಮನೆಗೆ ಹೋಗಿದ್ದ ಸಿಸ್ಟರ್‌ಗೆ ಫೋನ್ ಮಾಡಿದೆ. ಇ ಅಂದ್ರೆ ಕಣ್ಣು, ವಿ ಮಾತು, ಎಂ ಕೈಕಾಲಿನ ಚಲನೆ. ಅವರ 9 ಅಂದ್ರೆ ಇ2 ವಿ2 ಎಂ5. ನನ್ನದು ಇ3 ವಿ2 ಎಂ4. ಕಣ್ಣು ಒಂದು ಮೆಟ್ಟಿಲು ಹತ್ತಿತ್ತು, ಕೈ ಒಂದು ಮೆಟ್ಟಿಲು ಇಳಿದಿತ್ತು. ಕೂಡಿದರೆ ಲೆಕ್ಕ ಸರಿ!

ಅವತ್ತಿನಿಂದ ನಾನು ಒಟ್ಟು ಬರೆಯುವುದನ್ನೇ ಬಿಟ್ಟೆ. ಮೂರೂ ಬೇರೆ ಬೇರೆ, ಜೊತೆಗೆ ನೋವಿಗೆ ಸ್ಪಂದನೆ ನೋಡಲು ಎಲ್ಲಿ ಒತ್ತಿದೆ, ಯಾವ ಕೈ ಏನು ಮಾಡಿತು ಅನ್ನುವುದೂ ಸೇರಿ. ಪಾಳಿ ಬದಲಾಗುವಾಗ ಇಬ್ಬರೂ ಬೆಡ್ ಪಕ್ಕ ನಿಲ್ಲಬೇಕು. ಹೊಸ ಪಾಳಿಯವರು ಮೊದಲು ಅಂಕ ಹೇಳಬೇಕು, ಆಮೇಲಷ್ಟೇ ಹಳೆ ಪಾಳಿಯವರು ಚಾರ್ಟ್ ತೆರೆಯಬೇಕು. "ಇದನ್ನೇ ಬರೀತಾ ಕೂತ್ರೆ ಉಳಿದವರನ್ನ ನೋಡೋದ್ಯಾರು?" ಅಂತ ಹಿರಿಯ ಸಿಸ್ಟರ್ ಒಬ್ಬರು ಎಲ್ಲರ ಮುಂದೆ ನಕ್ಕರು. ಮೊದಲ ವಾರ ಮೂವತ್ತು ಸಲದಲ್ಲಿ ಹತ್ತು-ಹನ್ನೆರಡು ಸಲ ತಾಳೆಯಾಗಲಿಲ್ಲ, ಹೆಚ್ಚಿನವು ಎಂನಲ್ಲೇ. ಮೂರು ತಿಂಗಳಿಗೆ ಅದು ಒಂದೆರಡಕ್ಕೆ ಇಳಿಯಿತು. ಒಂದು ರಾತ್ರಿ "ಎಂ 5 ಇದ್ದದ್ದು 4 ಆಗಿದೆ, ಬಲಗೈ" ಅಂತಷ್ಟೇ ಫೋನಿನಲ್ಲಿ ಹೇಳಿದೆ. ಡಾಕ್ಟರ್ ಮರುಮಾತಿಲ್ಲದೆ ಸಿಟಿ ಸ್ಕ್ಯಾನ್‌ಗೆ ಕಳಿಸಿದರು. ತಲೆಯೊಳಗಿನ ರಕ್ತಸ್ರಾವ ಜಾಸ್ತಿಯಾಗಿತ್ತು. ಆ ಸಿಸ್ಟರ್ ಆಮೇಲೆ ನಗಲಿಲ್ಲ.

ನಾನೂ ಕಡಿಮೆ ಎಡವಿಲ್ಲ. "ಕೈ ಹಿಡ್ಕೊಳ್ಳಿ" ಅಂದೆ, ಹಿಡಿದರು, ಹೇಳಿದ್ದು ಮಾಡುತ್ತಾರೆ ಅಂತ ಎಂ6 ಹಾಕಿದೆ. ಅದು ಬರೀ ಗ್ರಾಸ್ಪ್ ರಿಫ್ಲೆಕ್ಸ್, ಅಂಗೈಗೆ ತಾಗಿದ್ದನ್ನು ಕೈ ತಾನಾಗಿ ಹಿಡಿಯುವುದು. ಈಗ "ಬಿಡಿ" ಅಂದಾಗ ಬಿಟ್ಟರೆ ಮಾತ್ರ 6, ಇಲ್ಲವೇ ನಾಲಿಗೆ ಹೊರಗೆ ಹಾಕಿಸುತ್ತೇನೆ. ಇನ್ನೊಬ್ಬ ಅಜ್ಜನಿಗೆ ಮಾತು ಗೊಂದಲ ಅಂತ ವಿ4 ಕೊಟ್ಟಿದ್ದೆ. ಮಗಳು ಬಂದು ಕಿವಿಗೆ ಹಿಯರಿಂಗ್ ಏಡ್ ಸಿಕ್ಕಿಸಿದ್ದೇ ತಡ, ಇಸವಿ, ತಿಂಗಳು ಎಲ್ಲ ಹೇಳಿ ನನ್ನನ್ನೇ ಗದರಿದರು. ಎದೆಮೂಳೆ ಉಜ್ಜುವುದನ್ನೂ ಬಿಟ್ಟೆ. ಚರ್ಮ ಕಂದುತ್ತದೆ, ಮನೆಯವರಿಗೆ ಸಿಟ್ಟು ಬರುತ್ತದೆ, ಮೇಲಾಗಿ ಕೈ ಎದೆಗೆ ಬಂದರೆ ಅದು ನೋವಿನ ಜಾಗ ಹುಡುಕಿ ಬಂದ 5ಓ ಬರೀ ಮಡಚಿದ್ದೋ ತಿಳಿಯುವುದಿಲ್ಲ. ಹೆಗಲ ಮೇಲಿನ ಟ್ರೆಪೀಜಿಯಸ್ ಸ್ನಾಯು ಹಿಂಡುತ್ತೇನೆ, ನಿಧಾನವಾಗಿ ಏರಿಸುತ್ತಾ ಹತ್ತು ಸೆಕೆಂಡಿನವರೆಗೆ. ಕೈ ಕಾಲರ್ ಬೋನ್ ದಾಟಿ ಮೇಲೆ ಬಂದರೆ 5.

ಟಾರ್ಚಿನ ಕಥೆ ಬೇರೆ. ಒಂದು ದಿನದ ಸಂಬಳ ಸುರಿದು ಒಳ್ಳೆಯದು ಕೊಂಡೆ, ವಾರದೊಳಗೆ ಯಾರದೋ ಜೇಬು ಸೇರಿತು. ಆಮೇಲೆ ಅಗ್ಗದ್ದು ತಂದು, ಒಂದು ರಾತ್ರಿ ಪ್ಯೂಪಿಲ್ (ಕಣ್ಣಿನ ಪಾಪೆ) ಬೆಳಕಿಗೆ ನಿಧಾನ ಅಂತ ಡಾಕ್ಟರನ್ನು ಎಬ್ಬಿಸಿದೆ. ನಿಧಾನವಾಗಿದ್ದದ್ದು ಬ್ಯಾಟರಿ. ಈಗ ಸೆಲ್ ನನ್ನದೇ ಖರ್ಚು, ಟಾರ್ಚ್ ಕುತ್ತಿಗೆಯಲ್ಲಿ ದಾರಕ್ಕೆ.

ನಡುವೆ ಉಸಿರಾಟಕ್ಕೆ ಟ್ಯೂಬ್ ಹಾಕಿ ಮಾತಾಡಲಾಗದವರಿಗೆ ಫೋರ್ ಸ್ಕೋರ್ ಅನ್ನುವ ಇನ್ನೊಂದು ಅಳತೆ ಎರಡು ವಾರ ಮಾಡಿ ನೋಡಿದೆ. ಮಾತಿನ ಅಂಕವೇ ಇಲ್ಲ, ನಾಲ್ಕು ಭಾಗ, ಒಟ್ಟು 16. ನನಗಂತೂ ಹಿಡಿಸಿತು. ಆದರೆ ಫೋನಿನ ಆ ಕಡೆಯಿಂದ "ಅದೆಲ್ಲ ಇರ್ಲಿ, ಜಿಸಿಎಸ್ ಎಷ್ಟು?" ಅಂತಲೇ ಕೇಳುತ್ತಿದ್ದರು. ಸುಮ್ನಾದೆ.

ಎಚ್ಚರ ಇದ್ದೂ ಕಣ್ಣು ಮುಚ್ಚಿ ಮಲಗಿದವರನ್ನು ನೋವು ಮಾಡದೆ ಕಂಡುಹಿಡಿಯಲು ನನ್ನದೊಂದು ಉಪಾಯವಿದೆ. ಅದನ್ನು ಬರೆಯುವುದಿಲ್ಲ, ಒಂದು ರಾತ್ರಿ ಪಾಳಿ ನನ್ನ ಜೊತೆ ಮಾಡಿ.