ಕ್ರೋಧಿ ಅಲ್ಲ, ಕ್ರೋಧನ: ಓಡಿಹೋದ ಅಜ್ಜನನ್ನು ನಾನು ಹುಡುಕಿದ್ದು

ನಮ್ಮ ಮನೆಯಲ್ಲಿ ಅವರಿಗೆ ಹೆಸರೇ ಇರಲಿಲ್ಲ. ಓಡಿಹೋದಜ್ಜ, ಅಷ್ಟೆ. ಮುತ್ತಜ್ಜನ ಕೊನೇ ತಮ್ಮ. ಒಂದು ಮಳೆಗಾಲದಲ್ಲಿ, ಮೀಸೆ ಸರಿಯಾಗಿ ಮೂಡುವ ಮೊದಲೇ, ಅಣ್ಣನ ಜೊತೆ ಜಗಳ ಆಡಿ ಕಂಬಳಿ ಕೊಪ್ಪೆ ಹಾಕಿಕೊಂಡು ಹೊರಟವರು ವಾಪಸ್ ಬರಲಿಲ್ಲ. ಕಾಶಿಗೆ ಹೋದರು ಅಂತ ಕೆಲವರು, ಹೊಳೆ ಪಾಲಾದರು ಅಂತ ಕೆಲವರು. ಘಟ್ಟದ ಕೆಳಗೆ ಸಂಸಾರ ಮಾಡಿಕೊಂಡಿದ್ದರು ಅಂತ ಪಿಸುಮಾತೂ ಇತ್ತು. ನಾನು ಹುಡುಕುತ್ತೇನೆ ಅಂದಾಗ ಭಾವ ಎಲೆಗೆ ಸುಣ್ಣ ಹಚ್ಚುತ್ತಾ ಹೇಳಿದ್ದು ಇಷ್ಟೆ: "ಹೋದವರನ್ನ ಹುಡುಕಿದ್ರೆ ಏನ್ ಸಿಗುತ್ತೆ ಮಾರಾಯ? ತೋಟಕ್ಕೆ ಪಾಲುದಾರರು ಸಿಗ್ತಾರೆ."

ಮೂರು ವರ್ಷ ಹಿಡಿಯಿತು. ಸಿಕ್ಕಿದರು. ಅದಕ್ಕೇ ಈಗ ಸ್ವಲ್ಪ ಎದೆ ಉಬ್ಬಿಸಿ ಬರೆಯುತ್ತಿದ್ದೇನೆ. ಅವರ ಮಕ್ಕಳು ಮೊಮ್ಮಕ್ಕಳು ಇದ್ದಾರೆ, ಹಾಗಾಗಿ ಹೆಸರು, ಊರು ಬರೆಯಲ್ಲ.

ಮೊದಲು ಎಲ್ಲರೂ ಬೀಳುವ ಗುಂಡಿಗೇ ನಾನೂ ಬಿದ್ದೆ. ಖಾನೇಶುಮಾರಿ. ಅಮೆರಿಕದವರು 1950ರ ಗಣತಿ ಹಾಳೆಗಳನ್ನು 2022ರಲ್ಲಿ ಬಿಟ್ಟರು, ಇಂಗ್ಲೆಂಡಿನ 1921ರದ್ದೂ ಅದೇ ವರ್ಷ ಹೊರಬಂತು. ಅಲ್ಲಿಯವರು ಮನೆಯಲ್ಲಿ ಕೂತು ಮುತ್ತಾತನ ವಯಸ್ಸು, ಕಸುಬು ಎಲ್ಲಾ ನೋಡುತ್ತಾರೆ. ನಮ್ಮಲ್ಲೂ 1881ರಿಂದ 2011ರವರೆಗೆ ಹತ್ತು ವರ್ಷಕ್ಕೊಮ್ಮೆ ತಪ್ಪದೆ ಎಣಿಸಿದ್ದಾರಲ್ಲ, 1931ರ ಹಾಳೆ ಎಲ್ಲೋ ಇರಲೇಬೇಕು ಅಂದುಕೊಂಡೆ. ಇಲ್ಲ. ಚೀಟಿಗಳಿಂದ ಲೆಕ್ಕ ತೆಗೆದರು, ಕೋಷ್ಟಕ ಅಚ್ಚು ಹಾಕಿದರು, ಚೀಟಿ ಹೋಯಿತು. ಉಳಿದದ್ದು ತಾಲೂಕಿಗೆ ಇಷ್ಟು ಜನ ಅನ್ನುವ ಲೆಕ್ಕ ಮಾತ್ರ. 1948ರ ಜನಗಣತಿ ಕಾಯ್ದೆಯ 15ನೇ ಕಲಮು ಬೇರೆ ಇದೆ, ಗಣತಿಯ ದಾಖಲೆಯನ್ನು ಯಾರೂ ನೋಡುವ ಹಾಗಿಲ್ಲ. ಇಷ್ಟು ತಿಳಿಯಲು ನನಗೆ ಆರು ಆರ್‌ಟಿಐ ಅರ್ಜಿ ಖರ್ಚಾಯಿತು. 1951ರಲ್ಲಿ ಗಣತಿ ಚೀಟಿ ನೋಡಿಕೊಂಡು ಊರೂರಿನ ಹೆಸರು ಬರೆದ ಪೌರರ ರಿಜಿಸ್ಟರ್ ಒಂದಿತ್ತು. ಅದಕ್ಕೂ ಅಲೆದೆ. ಒಂದು ಕಡೆ ಗೆದ್ದಲು ತಿಂದ ರಟ್ಟು ತೋರಿಸಿದರು. ರಟ್ಟು ಮಾತ್ರ.

ಈ ಗಣತಿ ಹುಚ್ಚಿನಲ್ಲಿ ಒಂದು ವಾರ ಮನೆ ಬಾಗಿಲ ಹಿಂದೆ ಬಿದ್ದಿದ್ದೆ. ನಮ್ಮ ಹಳೇ ಮನೆ ಲಿಂಗನಮಕ್ಕಿ ಹಿನ್ನೀರಿನಲ್ಲಿ ಮುಳುಗಿದ್ದು 1964ರಲ್ಲಿ. ಬರುವಾಗ ಕಂಬ, ಬಾಗಿಲು ಎಲ್ಲಾ ಗಾಡಿಯಲ್ಲಿ ಹೇರಿಕೊಂಡು ಬಂದು ಇಲ್ಲಿ ಕೂರಿಸಿದ್ದಾರೆ. ಗಣತಿಗೆ ಮುಂಚೆ ಮನೆಗೆ ನಂಬರು ಬರೆಯುತ್ತಿದ್ದರಲ್ಲ, ಅದು ದಾರಂದದ ಮೇಲೆ ಇರಬೇಕು ಅಂತ ನನ್ನ ತರ್ಕ. ಹಗಲಲ್ಲಿ ಏನೂ ಕಾಣಲ್ಲ. ರಾತ್ರಿ ಲೈಟ್ ಆರಿಸಿ, ಟಾರ್ಚನ್ನು ಮರಕ್ಕೆ ತಾಗಿಸಿದ ಹಾಗೆ ಪಕ್ಕದಿಂದ ಹಿಡಿದರೆ ಡಾಂಬರಿನ ಉಬ್ಬು ಎದ್ದು ಕಾಣುತ್ತದೆ. ಮೂರು ಪದರ ನಂಬರು ಸಿಕ್ಕಿತು. ಒಂದು 14, ಇನ್ನೊಂದು 19 ಇರಬೇಕು, ಮೂರನೆಯದು ಓದಲಾಗಲಿಲ್ಲ. ಇದರಿಂದ ಆದ ಉಪಯೋಗ ಸೊನ್ನೆ. ಹೆಂಡತಿ ಮಾತ್ರ ಆಮೇಲೆ ಬಾಗಿಲಿಗೆ ಪೇಂಟ್ ಹೊಡೆಸಲು ಬಿಡುತ್ತಿಲ್ಲ.

ನಿಜವಾದ ದಾರಿ ತೆರೆದದ್ದು ಅಟ್ಟದ ಮೇಲಿನ ತಗಡಿನ ಟ್ರಂಕಿನಿಂದ. ತೋಟದ ಕಂದಾಯ ರಸೀದಿಗಳ ನಡುವೆ ಒಂದು ಮನಿಯಾರ್ಡರ್ ಕೂಪನ್. ಐದು ರೂಪಾಯಿ. ಅಂಚೆ ಮೊಹರಿನಲ್ಲಿ ನರಸಿಂಹರಾಜಪುರ ಅಂತ ಓದಬಹುದಿತ್ತು. ಇಸವಿಯಲ್ಲಿ 3 ಅನ್ನುವುದೊಂದು ಕಂಡಿತು, ಮುಂದಿನ ಅಂಕಿ ಮಸಿ ಮೆತ್ತಿತ್ತು. ಕಳಿಸಿದವರ ಹೆಸರಿನ ಮೇಲೆ ನೀರು ಬಿದ್ದಿದೆ. ಸುದ್ದಿ ಬರೆಯುವ ಜಾಗದಲ್ಲಿ ಕಂದು ಬಣ್ಣದ ಛಾಯೆ ಅಷ್ಟೆ.

ಇಲ್ಲಿ ಸ್ವಲ್ಪ ಮಸಿಯ ವಿಷಯ. ಹಳೇ ಮಸಿಯಲ್ಲಿ ಕಬ್ಬಿಣದ ಅಂಶ ಇದ್ದರೆ, ಕಣ್ಣಿಗೆ ಮಾಸಿ ಹೋಗಿದ್ದರೂ ಅತಿನೇರಳೆ ಟಾರ್ಚಿನಲ್ಲಿ ಕಪ್ಪಾಗಿ ಕಾಣುತ್ತದೆ. ಕಾಗದ ಬೆಳಗುತ್ತದೆ, ಮಸಿ ಬೆಳಕು ನುಂಗುತ್ತದೆ. ಇದನ್ನು ಓದಿದ್ದೆ, ನಂಬಿಕೆ ಇರಲಿಲ್ಲ. ಕೂಪನ್ ಒಂದೇ ಇರುವುದು, ಅದರ ಮೇಲೆ ಪ್ರಯೋಗ ಮಾಡಲು ಭಯ. ಶಿವಮೊಗ್ಗದ ಗ್ರಂಧಿಗೆ ಅಂಗಡಿಯಿಂದ ಅಳಲೇಕಾಯಿ, ಅನ್ನಭೇದಿ (ಕಬ್ಬಿಣದ ಲವಣ) ತಂದೆ. ಜಜ್ಜಿ, ನೆನೆಸಿ, ಕುದಿಸಿ ಮಸಿ ಮಾಡಿದೆ. ಮೊದಲ ಸಲ ಅನ್ನಭೇದಿ ಜಾಸ್ತಿಯಾಗಿ ಕಾಗದ ಗಡುಸಾಗಿ ಮುರಿಯಿತು. ಎರಡನೇ ಸಲದ್ದು ಚೆನ್ನಾಗಿ ಬಂತು. ಬರೆದು, ತೊಳೆದು, ಅಡಿಕೆ ಒಣಗಿಸುವ ಅಂಗಳದಲ್ಲಿ ಇಡೀ ಬೇಸಿಗೆ ಬಿಸಿಲಿಗೆ ಇಟ್ಟೆ. ಮಾಸಿದ ಮೇಲೆ ಟಾರ್ಚ್ ಹಿಡಿದರೆ ಅಕ್ಷರ ಹಾಗೇ ಇದೆ! ಟಾರ್ಚಿಗೆ ಏಳುನೂರು ಚಿಲ್ಲರೆ ಕೊಟ್ಟ ನೆನಪು. ಅಗ್ಗದ ನೇರಳೆ ಬಲ್ಬಿನದು ತಗೋಬೇಡಿ, 365 ನ್ಯಾನೋಮೀಟರ್ ಅಂತ ಬರೆದಿರುವುದನ್ನೇ ನೋಡಿ ತಗೊಳ್ಳಿ. ಜಾಸ್ತಿ ಹೊತ್ತು ಹಿಡಿಯಲೂ ಬೇಡಿ. ಒಂದು ಫೋಟೋ ತೆಗೆದು ಆರಿಸಿ.

ಕೂಪನ್ನಿನಲ್ಲಿ ಬಂದ ಅಕ್ಷರ: "ಗಾರ್ಡು ಕೆಲಸ ಖಾಯಂ ಆಯಿತು". ಕೆಳಗೆ "ಅತ್ತಿಗೆಗೆ" ಅಂತ ಏನೋ, ಮುಂದೆ ಹರಿದಿದೆ.

ಚಿಕ್ಕಪ್ಪ ನೋಡಿ ತಲೆ ಅಲ್ಲಾಡಿಸಿದರು. "ಇದು ಅವರದ್ದಲ್ಲ ಕಣೋ. ಅವರು ಹೋಗಿದ್ದು ಕ್ರೋಧಿ ಸಂವತ್ಸರದಲ್ಲಿ. ಕ್ರೋಧಿ ಅಂದ್ರೆ 1904. ಮೂವತ್ತರ ದಶಕಕ್ಕೆ ನಲವತ್ತೈದು ವಯಸ್ಸು. ಆ ವಯಸ್ಸಿನಲ್ಲಿ ಯಾರು ಖಾಯಂ ಮಾಡ್ತಾರೆ?" ಲೆಕ್ಕ ಸರಿ ಇತ್ತು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಆದರೂ ಹಠ. ನರಸಿಂಹರಾಜಪುರಕ್ಕೆ ಆಗ ತರೀಕೆರೆಯಿಂದ ಸಣ್ಣ ರೈಲು ಓಡುತ್ತಿತ್ತಲ್ಲ, ಗಾರ್ಡು ಅಂದರೆ ರೈಲಿನ ಗಾರ್ಡು ಅಂದುಕೊಂಡೆ. ಒಂದು ವರ್ಷಕ್ಕಿಂತ ಜಾಸ್ತಿ ರೈಲು ಹಳಿ ಮೇಲೆ ಹೋಯಿತು. ಅರ್ಜಿ ಹಾಕುವುದು, ಒಂದು ತಿಂಗಳು ಕಾಯುವುದು, "ದಾಖಲೆ ಲಭ್ಯವಿಲ್ಲ" ಅಂತ ಓದುವುದು. ಇದೇ ಸಮಯಕ್ಕೆ ಒಬ್ಬ ಏಜೆಂಟ್ ಗಂಟುಬಿದ್ದ. ಹಳೇ ಪಿಂಚಣಿ ಕಡತ ತೆಗೆಸಿಕೊಡುತ್ತೇನೆ ಅಂದ. ಐದು ಸಾವಿರ ತೆಗೆದುಕೊಂಡು ಯಾರದೋ ಪಿಪಿಒ, ಅಂದರೆ ಪಿಂಚಣಿ ಪಾವತಿ ಆದೇಶದ ಜೆರಾಕ್ಸ್ ಕೊಟ್ಟ. ಹೆಸರೇನೋ ಹೊಂದುತ್ತಿತ್ತು, ಆದರೆ ಅದರಲ್ಲಿದ್ದವರು ಹೆಂಗಸು.

ಈಗ ನೆನೆಸಿಕೊಂಡರೆ ನಗು ಬರುತ್ತದೆ. ಕಾಡಿನ ಅಂಚಿನಲ್ಲೇ ಹುಟ್ಟಿ ಬೆಳೆದವನು ನಾನು. ಚಿಕ್ಕಂದಿನಲ್ಲಿ ಗಾರ್ಡು ಬಂದ ಅಂದರೆ ಕತ್ತಿ ಬಚ್ಚಿಟ್ಟು ಓಡುತ್ತಿದ್ದೆವು. ಆ ಗಾರ್ಡು ಯಾವ ರೈಲಿನವನು? ನರಸಿಂಹರಾಜಪುರದ ಸುತ್ತ ಇರುವುದೇ ಕಾಡು. ಇದನ್ನು ನನಗೆ ಹೇಳಿದ್ದು ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಎದುರು ಕೂತಿದ್ದ ಒಬ್ಬ ನಿವೃತ್ತ ಫಾರೆಸ್ಟರು. ಅವರು ನಕ್ಕ ನಗು ಇನ್ನೂ ಕಿವಿಯಲ್ಲಿದೆ.

ವಯಸ್ಸಿನ ಗಂಟು ಬಿಡಿಸಿದ್ದು ದೊಡ್ಡಮ್ಮ. 2024ರ ಯುಗಾದಿ. ಪಂಚಾಂಗ ಓದುತ್ತಿದ್ದರು, ಕ್ರೋಧಿ ಸಂವತ್ಸರ ಅಂತ ಬಂತು. ನಾನು ಸುಮ್ನೆ "ಓಡಿಹೋದಜ್ಜನ ವರ್ಷ ಬಂತು ನೋಡಿ" ಅಂದೆ. ತೊಂಬತ್ತು ದಾಟಿದ ದೊಡ್ಡಮ್ಮ ಬೇವು ಬೆಲ್ಲ ಬಾಯಿಗೆ ಹಾಕಿಕೊಳ್ಳುತ್ತಾ, "ಅದಲ್ಲ ಮಾಣಿ, ಕ್ರೋಧಿಯಲ್ಲಿ ಹೋಗಿದ್ದು ಮನೆ. ಅವರು ಹೋಗಿದ್ದು ಕ್ರೋಧನದಲ್ಲಿ. ಮಾರನೇ ವರ್ಷ ಅಕ್ಷಯ ಬಂತು, ಹೆಸರು ಅಕ್ಷಯ, ಮನೆಯಲ್ಲಿ ಒಂದು ಜನ ಕಮ್ಮಿ ಅಂತ ಅತ್ತೆ ಹೇಳ್ತಿದ್ರು" ಅಂದರು.

ಅರವತ್ತರಲ್ಲಿ ಕ್ರೋಧಿ 38ನೆಯದು, ಕ್ರೋಧನ 59. ಅದರ ಮುಂದಿನದೇ ಅಕ್ಷಯ. ಅಂದರೆ 1925ರ ಮಳೆಗಾಲ. ಹೊಳೆ ನೀರು ಬಂದು ಮನೆ ಬಿಟ್ಟ 1964 ಕ್ರೋಧಿ. ಎರಡು ಸಂಕಟಕ್ಕೆ ಹತ್ತಿರ ಹತ್ತಿರದ ಎರಡು ಹೆಸರು, ಮನೆಯವರ ಬಾಯಲ್ಲಿ ಎರಡೂ ಕ್ರೋಧಿ ಆಗಿಬಿಟ್ಟಿತ್ತು. ಇಪ್ಪತ್ತೊಂದು ವರ್ಷದ ತಪ್ಪು! ಸಂವತ್ಸರ ಹೇಳುವ ಹಿರಿಯರು ಇದ್ದರೆ ಒಂದು ಹೆಸರು ಮಾತ್ರ ಕೇಳಬೇಡಿ, ಹಿಂದಿನ ಮುಂದಿನ ವರ್ಷವನ್ನೂ ಕೇಳಿ.

ಈಗ ಎಲ್ಲಾ ಕೂಡಿಬಂತು. ಹೋದಾಗ ಹದಿನೇಳು ಅಂದರೆ ಹುಟ್ಟಿದ್ದು 1908ರ ಆಸುಪಾಸು. ಆಗ 55ಕ್ಕೆ ನಿವೃತ್ತಿ, ಅಂದರೆ 1963. ಮೊದಲು ನಾನು ಹುಡುಕುತ್ತಿದ್ದದ್ದು 1942ರ ಪಿಂಚಣಿದಾರನನ್ನು, ಮಹಾರಾಜರ ಕಾಲದ ಲೆಕ್ಕ. 1963 ಅಂದರೆ 1958ರ ಸೇವಾ ನಿಯಮ ಬಂದಾದ ಮೇಲೆ, ಇವತ್ತಿಗೂ ಖಜಾನೆಯವರಿಗೆ ಗುರುತು ಸಿಗುವ ಕಾಗದಗಳು.

ಖಜಾನೆ, ಅರಣ್ಯ ಕಚೇರಿ ಎರಡೂ ಕಡೆ "ನಾಶಪಡಿಸಲಾಗಿದೆ" ಅನ್ನುವ ಉತ್ತರವೇ ಮೊದಲು ಬಂತು. ಅಲ್ಲಿಗೆ ಬಿಡಬೇಡಿ. ದಾಖಲೆ ಕೇಳುವ ಬದಲು, ದಾಖಲೆ ನಾಶಪಡಿಸಿದ ಪಟ್ಟಿ ಕೇಳಿ. ನಾಶ ಮಾಡಿದ್ದರೆ ಪಟ್ಟಿ ಇರಬೇಕು, ಪಟ್ಟಿಯಲ್ಲಿ ಇಲ್ಲ ಅಂದರೆ ಕಡತ ಕಚೇರಿಯಲ್ಲೇ ಇರಬೇಕು, ಅಲ್ವಾ? ನಮ್ಮ ರಾಜ್ಯದಲ್ಲಿ ಅರ್ಜಿ 150 ಪದದೊಳಗೆ, ಒಂದೇ ವಿಷಯಕ್ಕೆ ಇರಬೇಕು ಅನ್ನುವುದು ನಿಮಗೆ ಗೊತ್ತಿದ್ದದ್ದೇ. ಆ 150 ಪದವನ್ನು ನಾನು ಹೇಗೆ ಜೋಡಿಸಿದೆ ಅನ್ನುವುದನ್ನು ಮಾತ್ರ ಇಲ್ಲಿ ಬರೆಯಲ್ಲ. ಹನ್ನೊಂದು ಸಲ ತಿದ್ದಿದ್ದು. ವೈಯಕ್ತಿಕ ಮಾಹಿತಿ ಅಂತ ಆರ್‌ಟಿಐ ಕಾಯ್ದೆಯ 8(1)(ಜೆ) ಕಲಮು ಹಾಕಿ ತಳ್ಳಿದರು. ಮೇಲ್ಮನವಿಯಲ್ಲಿ ನಕಲು ಬೇಡ, ನೋಡಲು ಬಿಡಿ ಸಾಕು ಅಂದೆ. ಬಿಟ್ಟರು.

ರೆಕಾರ್ಡ್ ರೂಮಿನಲ್ಲಿ ಎರಡು ದಿನ ಕಡತ ಸುತ್ತಿದ ರುಮಾಲು ಬಿಚ್ಚಿ ಕಟ್ಟಿದೆ. ಎರಡನೇ ದಿನ ಮಧ್ಯಾಹ್ನ ಸರ್ವಿಸ್ ಬುಕ್ ಸಿಕ್ಕಿತು. ಬೆನ್ನಿನ ಕಡೆ ಗೆದ್ದಲು ತಿಂದಿದೆ, ಮೊದಲ ಪುಟ ಉಳಿದಿದೆ. ಊರಿನ ಹೆಸರು ನಮ್ಮದಲ್ಲ, ತೀರ್ಥಹಳ್ಳಿ ಕಡೆಯ ಇನ್ಯಾವುದೋ ಊರು. ತಂದೆ ಹೆಸರು ಸರಿ ಇದೆ. ಎತ್ತರ 5 ಅಡಿ 3 ಅಂಗುಲ ಚಿಲ್ಲರೆ. ಆದರೆ ಆ ಅಪ್ಪನ ಹೆಸರು ಊರಿಗೆ ಹತ್ತು ಜನಕ್ಕಿದೆ. ಅದರಿಂದ ಏನೂ ಸಾಬೀತಾಗಲ್ಲ.

ಕೆಳಗೆ ಎಡಗೈ ಬೆರಳಿನ ಗುರುತು ಒತ್ತುವ ಐದು ಚೌಕ ಇರುತ್ತವಲ್ಲ, ಅದನ್ನು ನೋಡಿದೆ. ಕಿರುಬೆರಳು, ಉಂಗುರ ಬೆರಳು, ನಡುಬೆರಳು ಅಂಡಾಕಾರವಾಗಿ ಪೂರ್ತಿ ಬಿದ್ದಿವೆ. ತೋರುಬೆರಳಿನ ಚೌಕದಲ್ಲಿ ಅರ್ಧ ಮಾತ್ರ. ಗೆರೆಗಳು ಮೇಲಕ್ಕೆ ಹೋಗುತ್ತಾ ಹೋಗುತ್ತಾ ಕತ್ತರಿಸಿದ ಹಾಗೆ ನಿಂತಿವೆ, ಅದರ ಮೇಲೆ ಖಾಲಿ ಕಾಗದ. ನಮ್ಮ ಮನೆಯಲ್ಲಿ ಅಡಿಕೆ ಸುಲಿಯಲು ಕೂತ ಮಕ್ಕಳಿಗೆಲ್ಲ ಒಂದು ಮಾತು ಹೇಳುತ್ತಿದ್ದರು: "ನೋಡ್ಕೊಂಡು ಸುಲಿ, ಓಡಿಹೋದಜ್ಜನ ಹಾಗೆ ಮೆಟ್ಟುಗತ್ತಿಗೆ ಬೆರಳು ಕೊಡಬೇಡ." ನಾನೂ ಕೇಳಿದ್ದೆ, ನನ್ನ ಮಕ್ಕಳಿಗೂ ಹೇಳಿದ್ದೆ. ಗುಮಾಸ್ತರು "ಏನ್ ಸಾರ್, ಕಣ್ಣಿಗೆ ಧೂಳು ಹೋಯ್ತಾ?" ಅಂದರು. ಹೌದು ಅಂದೆ.

ಅಲ್ಲಿಂದ ಮುಂದೆ ಸಲೀಸು. ಪಿಂಚಣಿದಾರ ಸತ್ತ ಮೇಲೆ ಕೊನೇ ತಿಂಗಳ ಬಾಕಿ ಯಾರು ತೆಗೆದುಕೊಂಡರು ಅನ್ನುವ ಕಾಗದ ಖಜಾನೆಯಲ್ಲಿ ಇರುತ್ತದೆ, ಹೆಚ್ಚಿನವರು ಇದನ್ನು ಕೇಳುವುದೇ ಇಲ್ಲ. ತೆಗೆದುಕೊಂಡಿದ್ದು ಮಗಳು. 1979ರಲ್ಲೋ 80ರಲ್ಲೋ. ವಿಳಾಸ ಇತ್ತು. ಆ ವಿಳಾಸದಿಂದ ಈಗಿನ ಮನೆಗೆ ಹೇಗೆ ಹೋದೆ ಅನ್ನುವುದೂ ನನ್ನ ಹತ್ತಿರವೇ ಇರಲಿ.

ಖರ್ಚು ಒಟ್ಟು ಇಪ್ಪತ್ತಾರು ಇಪ್ಪತ್ತೇಳು ಸಾವಿರ, ಏಜೆಂಟ್ ತಿಂದ ಐದೂ ಸೇರಿ. ಆಗಿನ ದರದಲ್ಲಿ ಸುಮಾರು ಅರ್ಧ ಕ್ವಿಂಟಲ್ ರಾಶಿ ಅಡಿಕೆ ದುಡ್ಡು. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ನಲವತ್ತರ ಮೇಲೆ ಆಗಿವೆ, ಆದರೆ ನಿಜವಾಗಿ ದುಡ್ಡು ಹೋಗಿದ್ದು ಬಸ್ಸಿಗೆ ಮತ್ತು ಕಾಫಿಗೆ. ಅಡಿಕೆ ಕೊಯ್ಲಿನ ಸಮಯದಲ್ಲಿ ಊರು ಬಿಟ್ಟು ಹೋಗಿ ಬೈಸಿಕೊಂಡಿದ್ದಕ್ಕೆ ಲೆಕ್ಕ ಇಲ್ಲ.

ಅಜ್ಜನ ಮಗಳಿಗೆ ಎಂಬತ್ತು ದಾಟಿದೆ. ನಾನು ಹೋದಾಗ ಭಾವನೂ ಬಂದಿದ್ದರು, ಪಾಲಿನ ಮಾತು ಬಂದರೆ ಇರಲಿ ಅಂತ. ಅಂಥ ಮಾತೇ ಬರಲಿಲ್ಲ. ಅವರು ಕಾಫಿ ಕೊಟ್ಟು, ಒಳಗಿಂದ ಒಂದು ಬಿಸ್ಕತ್ ಡಬ್ಬಿ ತಂದರು. ಅದರಲ್ಲಿ ದಾರ ಕಟ್ಟಿದ ಮನಿಯಾರ್ಡರ್ ರಸೀದಿಗಳು. ಎಲ್ಲಾ ನಮ್ಮ ಮುಳುಗಿದ ಊರಿನ ವಿಳಾಸಕ್ಕೆ, ಎಲ್ಲಾ ಮುತ್ತಜ್ಜನ ಹೆಸರಿಗೆ. ಐದು ರೂಪಾಯಿ, ಐದು ರೂಪಾಯಿ, ಕೊನೆಯದು ಹತ್ತು. ಭಾವ ಎರಡು ಸಲ ಎಣಿಸಿದರು. ಒಂಬತ್ತು.

ನಮ್ಮ ಟ್ರಂಕಿನಲ್ಲಿ ಇದ್ದದ್ದು ಒಂದೇ ಕೂಪನ್.