ಗೆಳೆಯರ ಗುಂಪಿಗೆ ಹೋಟೆಲು ಹುಡುಕಿಕೊಡುವ ಎಐ ಆ್ಯಪ್: ದಾವಣಗೆರೆಗೆ ಒಪ್ಪುವಂತೆ ಕಟ್ಟುವುದು ಹೇಗೆ

ಈ ಆ್ಯಪ್‌ನಲ್ಲಿ ಎಐಗೆ ಒಪ್ಪಿಸಬೇಕಾದ ಕೆಲಸ ಒಂದೇ: ಗೆಳೆಯರು ಆಡುಮಾತಿನಲ್ಲಿ ಬರೆದದ್ದನ್ನು ತಿಳಿದುಕೊಂಡು ಖಾನೆಗಳಿಗೆ ತುಂಬುವುದು. ಹೋಟೆಲು ಆರಿಸುವುದು ಅದರ ಕೆಲಸವಲ್ಲ. "ದಾವಣಗೆರೆಯಲ್ಲಿ ಒಳ್ಳೆ ಬೆಣ್ಣೆದೋಸೆ ಎಲ್ಲಿ ಸಿಗುತ್ತೆ" ಅಂತ ಭಾಷಾ ಮಾದರಿಯನ್ನು (ಮಾತು ಓದಿ ಉತ್ತರ ಬರೆಯುವ ಎಐ) ನೇರವಾಗಿ ಕೇಳಿದರೆ, ಮುಚ್ಚಿಹೋದ ಹೋಟೆಲಿನ ಹೆಸರನ್ನೋ ಊರಲ್ಲೇ ಇಲ್ಲದ ಹೆಸರನ್ನೋ ಅಷ್ಟೇ ಧೈರ್ಯದಿಂದ ಹೇಳಿಬಿಡಬಹುದು. ಆಯ್ಕೆ ನೀವೇ ಕಟ್ಟಿದ ಪಟ್ಟಿಯಿಂದ, ಸಾದಾ ಲೆಕ್ಕದಿಂದ ಆಗಬೇಕು.

ಹಾಗಾಗಿ ಮೊದಲು ಪಟ್ಟಿ. ಜನರೇ ಸೇರಿ ಕಟ್ಟಿದ ಮುಕ್ತ ನಕ್ಷೆ ಓಪನ್‌ಸ್ಟ್ರೀಟ್‌ಮ್ಯಾಪ್‌ನಿಂದ ಮಾಹಿತಿ ಎತ್ತಿಕೊಡುವ ಓವರ್‌ಪಾಸ್ ಎಪಿಐಗೆ 14.42, 75.87, 14.50, 75.97 (ದಕ್ಷಿಣ, ಪಶ್ಚಿಮ, ಉತ್ತರ, ಪೂರ್ವದ ಅಂಚು) ಎಂಬ ಚೌಕಟ್ಟು ಕೊಟ್ಟರೆ ದಾವಣಗೆರೆ ನಗರ ಬಹುಪಾಲು ಒಳಗೆ ಬರುತ್ತದೆ. ರೆಸ್ಟೋರೆಂಟ್, ಫಾಸ್ಟ್‌ಫುಡ್, ಕೆಫೆ ಈ ಮೂರು ಬಗೆಯನ್ನು ಎತ್ತಿಕೊಳ್ಳಿ. ಆ್ಯಪ್‌ನಲ್ಲಿ ಓಪನ್‌ಸ್ಟ್ರೀಟ್‌ಮ್ಯಾಪ್‌ನ ಹೆಸರು ಹಾಕುವುದು ಕಡ್ಡಾಯ. ಅಲ್ಲಿ "ಹೋಟೆಲ್" ಎಂಬ ಗುರುತು ಇರುವುದು ಲಾಡ್ಜ್‌ಗೆ. ನಮ್ಮ ಬಾಯಲ್ಲಿ ಹೋಟೆಲ್ ಅಂದರೆ ತಿಂಡಿ ಊಟದ ಜಾಗ, ಅದನ್ನು ಬೆರೆಸಿದರೆ ದೋಸೆ ಕೇಳಿದವರಿಗೆ ರೂಮು ತೋರಿಸುತ್ತೀರಿ. ಗೂಗಲ್‌ನ ಪ್ಲೇಸಸ್ ಸೇವೆಯಿಂದಲೂ ಮಾಹಿತಿ ತರಬಹುದು. ಆದರೆ ಸ್ಥಳದ ಐಡಿ ಬಿಟ್ಟು ಮಿಕ್ಕದ್ದನ್ನು ನಿಮ್ಮ ಡೇಟಾಬೇಸಿನಲ್ಲಿ ಕಾಯಂ ಆಗಿ ಕೂಡಿಟ್ಟುಕೊಳ್ಳಲು ಅದರ ನಿಯಮ ಬಿಡುವುದಿಲ್ಲ.

ಖಾನಾವಳಿ, ಮಂಡಕ್ಕಿ ಮೆಣಸಿನಕಾಯಿ ಅಂಗಡಿ, ತಳ್ಳುಗಾಡಿ ಇವನ್ನು ಕಾಲ್ನಡಿಗೆಯಲ್ಲೇ ಸೇರಿಸಬೇಕು. 40 ಜಾಗ ಸಾಕು ಶುರುಮಾಡಲು. ಪ್ರತಿಯೊಂದಕ್ಕೂ ಅಕ್ಷಾಂಶ ರೇಖಾಂಶ, ಸಿಗುವ ಪದಾರ್ಥ, ಒಬ್ಬರಿಗೆ ಆಗುವ ಖರ್ಚು, ವಾರದ ರಜೆ, ಒಟ್ಟಿಗೆ ಎಷ್ಟು ಜನ ಕೂರಬಹುದು, ಕೊನೆಯ ಸಲ ನೋಡಿಬಂದ ತಾರೀಕು. ಸಮಯಕ್ಕೆ ಒಂದೇ ಖಾನೆ ಇಡಬೇಡಿ. ಬೆಳಗ್ಗೆ ತೆರೆದು ಮಧ್ಯಾಹ್ನ ಮುಚ್ಚಿ ಸಂಜೆ ಮತ್ತೆ ಕಾವಲಿ ಇಡುವ ಹೋಟೆಲಿಗೆ ಎರಡು ಜೋಡಿ ಸಮಯ ಬೇಕು. ಸಸ್ಯಾಹಾರಕ್ಕೆ ಹೌದು-ಇಲ್ಲ ಸಾಲದು. ಪ್ಯೂರ್ ವೆಜ್, ಮೊಟ್ಟೆ ಇದೆ, ಮಾಂಸ ಇದೆ ಎಂಬ ಮೂರು ಮಟ್ಟ ಬೇಕು. ನಾನ್‌ವೆಜ್ ಅಡುಗೆಮನೆಯ ವೆಜ್ ಪಲಾವು ತಿನ್ನದವರು ಈ ಊರಲ್ಲಿ ಬಹಳ, ಶ್ರಾವಣದಲ್ಲಿ ಇನ್ನೂ ಹೆಚ್ಚು.

ಈಗ ಎಐ. ಗುಂಪಿನಲ್ಲಿ ಬರುವ ಮಾತು ಹೀಗಿರುತ್ತದೆ: "ಲೇ, ಸಂಜಿಗೆ ಬಿಸಿಬಿಸಿ ಏನಾರ ತಿನ್ನಾಣ, ನೂರ್ ರೂಪಾಯಿ ಒಳಗಿರ್ಲಿ, ನಂಗೆ ಮೊಟ್ಟೆ ಬ್ಯಾಡ, ಪಿಜೆ ಕಡೆ ಆದ್ರೆ ಆರಾಮು." ಇದನ್ನು ಮಾದರಿಗೆ ಕೊಟ್ಟು, ಜೆಸನ್ ರೂಪದಲ್ಲಿ (ಕೋಡ್ ಓದಬಲ್ಲ ಹೆಸರು-ಬೆಲೆ ಜೋಡಿಗಳ ಪಠ್ಯ) ಏಳೇ ಖಾನೆ ತುಂಬಿಸಿ: ಪದಾರ್ಥ, ಆಹಾರದ ಕಟ್ಟು (ಏನು ತಿನ್ನುವುದಿಲ್ಲ ಎಂಬುದು), ತಲಾ ಖರ್ಚು, ಹೊತ್ತು, ಬಡಾವಣೆ, ಕಡ್ಡಾಯವಾದವು, ಇಷ್ಟವಾದವು. "ಹೇಳದಿದ್ದರೆ ಖಾಲಿ ಬಿಡು, ಊಹಿಸಬೇಡ" ಎಂಬ ಸಾಲನ್ನು ಮಾದರಿಗೆ ಕೊಡುವ ಸೂಚನೆಯಲ್ಲಿ (ಪ್ರಾಂಪ್ಟ್) ಬರೆಯಲೇಬೇಕು. ಇಲ್ಲದಿದ್ದರೆ ಯಾರೂ ಹೇಳದ ಬಜೆಟ್ಟನ್ನು ಅದು ತಾನೇ ತುಂಬುತ್ತದೆ. ಮೇಲಿನ ಮಾತಿನಲ್ಲಿ ನೂರು ರೂಪಾಯಿ ಕಡ್ಡಾಯ, ಪಿ.ಜೆ. ಬಡಾವಣೆ ಇಷ್ಟ. "ನಂಗೆ ಮೊಟ್ಟೆ ಬ್ಯಾಡ" ಅನ್ನುವುದಕ್ಕೂ "ಮೊಟ್ಟೆ ಮಾಡೋ ಕಡೆ ಬರಲ್ಲ" ಅನ್ನುವುದಕ್ಕೂ ಇರುವ ಅಂತರವನ್ನು ನಾಲ್ಕೈದು ಉದಾಹರಣೆ ಕೊಟ್ಟು ಕಲಿಸಿ.

ಮಾದರಿ ಹೆಚ್ಚು ಎಡವುವುದು ನಮ್ಮ ದೋಸೆಯ ಹೆಸರುಗಳಲ್ಲೇ. "ನಂಗೊಂದು ಖಾಲಿ ಸಾಕು" ಅಂದರೆ ಖಾಲಿ ದೋಸೆ ಅಲ್ಲ, ಜನವಿಲ್ಲದ ಜಾಗ ಬೇಕು ಎಂದುಕೊಳ್ಳುತ್ತದೆ. "ಬೆಣ್ಣೆ ಓಪನ್" ಅಂದರೆ ಓಪನ್ ದೋಸೆ ಅಲ್ಲ, ಈಗ ತೆರೆದಿದೆಯಾ ಎಂಬ ಪ್ರಶ್ನೆ ಎಂದುಕೊಳ್ಳುತ್ತದೆ. ಬೆಣ್ಣೆ ದೋಸೆ, ಖಾಲಿ, ಓಪನ್, ನರ್ಗೀಸ್ ಮಂಡಕ್ಕಿ, ಮಿರ್ಚಿ ಇವುಗಳ ಒಂದು ಪದಪಟ್ಟಿ ಮಾಡಿ ಪ್ರತಿ ಸಲವೂ ಸೂಚನೆಯ ಜೊತೆ ಕಳಿಸಿ. ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡವೂ ಬರುತ್ತದೆ, ಅದರ ರೂಪಗಳನ್ನೂ ಸೇರಿಸಿ.

ಇನ್ನೊಂದು ತೊಡಕು ಕಣ್ಣಿಗೆ ಕಾಣುವುದಿಲ್ಲ. "ದೋ" ಅಕ್ಷರದ ಓತ್ವವನ್ನು ಯೂನಿಕೋಡ್‌ನಲ್ಲಿ (ಕಂಪ್ಯೂಟರ್ ಅಕ್ಷರಗಳನ್ನು ಇಡುವ ಸಂಕೇತ ವ್ಯವಸ್ಥೆ) ಒಂದೇ ಚಿಹ್ನೆಯಾಗಿಯೂ ಬಿಡಿಬಿಡಿ ಚಿಹ್ನೆಗಳಾಗಿಯೂ ಬರೆಯಬಹುದು. ಪರದೆಯಲ್ಲಿ ಎರಡೂ "ದೋಸೆ"ಯೇ, ಹುಡುಕುವಾಗ ಮಾತ್ರ ಬೇರೆ ಬೇರೆ. ಪಟ್ಟಿಗೆ ಸೇರಿಸುವಾಗಲೂ ಹುಡುಕುವಾಗಲೂ ಎನ್‌ಎಫ್‌ಸಿ ರೂಪಕ್ಕೆ (ಬಿಡಿ ಚಿಹ್ನೆಗಳನ್ನು ಒಂದಾಗಿ ಕೂಡಿಸುವ ಯೂನಿಕೋಡ್ ರೂಪ) ತನ್ನಿ.

ಜಾಗ ಇನ್ನೂರು ದಾಟುವ ತನಕ ವೆಕ್ಟರ್ ಡೇಟಾಬೇಸ್ (ಅರ್ಥದ ಹೋಲಿಕೆಯಿಂದ ಹುಡುಕುವ ಬಗೆ) ಬೇಡ. ಪೋಸ್ಟ್‌ಗ್ರೆಸ್ ಎಂಬ ಸಾದಾ ಡೇಟಾಬೇಸಿನ ಒಂದು ಟೇಬಲ್ಲಿಗೆ ಇದು ಸಲೀಸು.

ಆಯ್ಕೆಯ ಲೆಕ್ಕ ಎರಡು ಹೆಜ್ಜೆ. ಮೊದಲು ಯಾರ ಕಡ್ಡಾಯಕ್ಕಾದರೂ ಒಗ್ಗದ ಜಾಗವನ್ನು ಪೂರ್ತಿ ತೆಗೆಯಿರಿ. ಉಳಿದವಕ್ಕೆ ಪ್ರತಿಯೊಬ್ಬರ ಲೆಕ್ಕದಲ್ಲಿ 10ಕ್ಕೆ ಅಂಕ ಕೊಡಿ. ಇಲ್ಲಿ ಬಹಳ ಜನ ಸರಾಸರಿ ಹಿಡಿದು ಕೆಡುತ್ತಾರೆ. ನಾಲ್ವರಲ್ಲಿ ಒಂದು ಜಾಗಕ್ಕೆ 9, 9, 9, 1 ಬಂದರೆ ಸರಾಸರಿ 7. ಇನ್ನೊಂದಕ್ಕೆ 7, 7, 6, 6 ಬಂದರೆ 6.5. ಸರಾಸರಿಯಲ್ಲಿ ಮೊದಲನೆಯದು ಗೆಲ್ಲುತ್ತದೆ, ಒಬ್ಬ ಮಾತ್ರ ಮುಖ ಸಪ್ಪೆ ಮಾಡಿಕೊಂಡು ಕೂರುತ್ತಾನೆ. ಅತಿ ಕಡಿಮೆ ಅಂಕಕ್ಕೆ 0.6, ಸರಾಸರಿಗೆ 0.4 ತೂಕ ಕೊಡಿ: ಮೊದಲನೆಯದು 3.4ಕ್ಕೆ ಇಳಿಯುತ್ತದೆ, ಎರಡನೆಯದು 6.2ಕ್ಕೆ ನಿಲ್ಲುತ್ತದೆ. ಗೆಳೆಯರ ಆ್ಯಪ್‌ಗೆ ಇದೇ ನ್ಯಾಯ.

ದೂರವನ್ನು ನೇರ ಗೆರೆಯಲ್ಲಿ ಅಳೆಯಬೇಡಿ. ರೈಲು ಹಳಿ ಊರನ್ನು ಸೀಳಿದೆ: ಹಳೇ ಪೇಟೆ ಒಂದು ಕಡೆ, ಪಿ.ಜೆ. ಬಡಾವಣೆ, ವಿದ್ಯಾನಗರ ಇನ್ನೊಂದು ಕಡೆ. ನಕ್ಷೆಯಲ್ಲಿ ಕೂಗಳತೆ ಇದ್ದರೂ ಸುತ್ತಿಕೊಂಡು ಹೋಗಬೇಕಾಗುತ್ತದೆ. ರಸ್ತೆ ದಾರಿ ಲೆಕ್ಕ ಹಾಕುವ ಓಎಸ್‌ಆರ್‌ಎಂ ತಂತ್ರಾಂಶ ಇಟ್ಟುಕೊಂಡು ದಾರಿಯ ನಿಮಿಷ ಲೆಕ್ಕ ಹಾಕಿ, ಎಲ್ಲರಿಗಿಂತ ದೂರದವನ ನಿಮಿಷ ನೋಡಿ. ಅದರ ಉಚಿತ ಡೆಮೊ ಸರ್ವರ್ ಪರೀಕ್ಷೆಗಷ್ಟೇ.

ಕೊನೆಗೆ ಮೂರೇ ಜಾಗ ತೋರಿಸಿ, 10 ನಿಮಿಷದ ಗಡುವಿಟ್ಟು ಒಂದೊಂದು ಒತ್ತಿನಲ್ಲಿ ವೋಟು ಹಾಕಿಸಿ. ಸಮ ಬಂದರೆ ಅಂಕ ಹೆಚ್ಚಿರುವುದೇ ಗೆದ್ದಿತು. "ಯಾಕೆ ಇದು" ಎಂಬ ಸಾಲನ್ನೂ ಎಐ ಕೈಯಲ್ಲಿ ಬರೆಸಬೇಡಿ, ಪಟ್ಟಿಯ ಖಾನೆಗಳಿಂದಲೇ ಜೋಡಿಸಿ: "ಪ್ಯೂರ್ ವೆಜ್, ತಲಾ 80 ರೂಪಾಯಿ, ರಾತ್ರಿ 9ರ ತನಕ." ಎಐ ಬರೆದರೆ ಇಲ್ಲದ ಪಾರ್ಕಿಂಗ್ ಕೂಡ ಬಂದು ಸೇರುತ್ತದೆ.

ಲಾಗಿನ್ ಬೇಡ, ವಾಟ್ಸ್ಆ್ಯಪ್‌ನಲ್ಲಿ ಕಳಿಸುವ ಲಿಂಕ್ ಸಾಕು. ಲೊಕೇಶನ್ ಒಪ್ಪಿಗೆ ಕೇಳಿಯೇ ತೆಗೆದುಕೊಳ್ಳಿ, ದಶಾಂಶದ ಮೂರು ಸ್ಥಾನಕ್ಕೆ ಕತ್ತರಿಸಿ (ನೂರು ಮೀಟರಿನ ಆಸುಪಾಸು), 24 ಗಂಟೆಗೆ ಅಳಿಸಿ. ಎಐ ಸೇವೆಯ ಕೀಲಿಯನ್ನು (ಸೇವೆ ಬಳಸಲು ಬೇಕಾದ ಗುಟ್ಟಿನ ಸಂಕೇತ) ಆ್ಯಪ್ ಒಳಗೆ ಇಡಲೇಬೇಡಿ. ಎಪಿಕೆ (ಆಂಡ್ರಾಯ್ಡ್ ಆ್ಯಪ್‌ನ ಕಡತ) ಬಿಚ್ಚಿದವರಿಗೆ ಅದು ಸಿಕ್ಕಿಬಿಡುತ್ತದೆ, ಬಿಲ್ಲು ನಿಮಗೆ ಬರುತ್ತದೆ. ಕರೆ ಯಾವಾಗಲೂ ನಿಮ್ಮ ಸರ್ವರ್ ಮೂಲಕವೇ ಹೋಗಲಿ. ಕನ್ನಡ ಲಿಪಿಗೆ ಇಂಗ್ಲಿಷಿಗಿಂತ ಹೆಚ್ಚು ಟೋಕನ್ (ಎಐ ಪಠ್ಯವನ್ನು ಒಡೆದು ಎಣಿಸುವ ತುಣುಕು) ಖರ್ಚಾಗುವುದರಿಂದ ಒಂದು ಮಾತಿಗೆ ಒಂದೇ ಕರೆ. 5 ಸೆಕೆಂಡಿನಲ್ಲಿ ಉತ್ತರ ಬರದಿದ್ದರೆ ದೋಸೆ, ಊಟ, ಮಂಡಕ್ಕಿ ಎಂಬ ಬಟನ್‌ಗಳನ್ನು ತೋರಿಸಿ, ಹಸಿದವರನ್ನು ಕಾಯಿಸಬಾರದು.

ಬಿಡುಗಡೆಗೆ ಮುಂಚೆ ನಿಜವಾದ ಆಡುಮಾತಿನ 60 ವಾಕ್ಯ ಕೂಡಿಸಿ, ಪ್ರತಿಯೊಂದಕ್ಕೂ ಸರಿಯಾದ ಖಾನೆಗಳನ್ನು ಕೈಯಲ್ಲೇ ಬರೆದಿಡಿ. ಸೂಚನೆ ಬದಲಾದಾಗಲೆಲ್ಲ ಅಷ್ಟನ್ನೂ ಮತ್ತೆ ಓಡಿಸಿ. ಆಹಾರದ ಕಟ್ಟಿನ ಖಾನೆಯಲ್ಲಿ ಒಂದು ತಪ್ಪಿದ್ದರೂ ಹೊರಗೆ ಬಿಡಬೇಡಿ. ಚಿತ್ರದುರ್ಗಕ್ಕೆ ಒಯ್ಯುವಾಗ ಚೌಕಟ್ಟಿನ ನಡುಬಿಂದು 14.23, 76.40 ಆಗುತ್ತದೆ. ಕೋಡ್ ಹಾಗೇ ನಡೆಯುತ್ತದೆ, ಆದರೆ ಪದಪಟ್ಟಿಯನ್ನೂ ಜಾಗಗಳ ಪಟ್ಟಿಯನ್ನೂ ಅಲ್ಲಿನವರ ಜೊತೆ ಕೂತು ಹೊಸದಾಗಿ ಮಾಡಬೇಕು.